ಅಳತೆಯ ಭಾಷೆ, ಒಪ್ಪಿಗೆಯ ಭಾಷೆ: ಮನಶ್ಶಾಸ್ತ್ರ ಸಂಶೋಧನೆಯ ವಿಧಾನ ಮತ್ತು ನೀತಿಗಳ ವಿವೇಚನೆ

೧

ಭೂಗರ್ಭಶಾಸ್ತ್ರಜ್ಞನು ಸಹ್ಯಾದ್ರಿಯ ಒಂದು ಕಲ್ಲನ್ನು ಒಡೆದು ಪರೀಕ್ಷಿಸುವಾಗ ಆ ಕಲ್ಲಿನ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ತನ್ನ ಪರೀಕ್ಷೆ ನಡೆದಿದೆಯೆಂಬ ಅರಿವು ಕಲ್ಲಿಗೆ ಇಲ್ಲ. ಪರೀಕ್ಷೆಯ ಫಲವನ್ನು ಕೇಳಿ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮನಶ್ಶಾಸ್ತ್ರಜ್ಞನ ಸ್ಥಿತಿ ಬೇರೆ. ಅವನು ತಿಳಿಯಬಯಸುವ ವಸ್ತು ಅವನೆದುರಿಗೆ ಕುಳಿತು ಅವನ ಮಾತನ್ನು ಆಲಿಸುತ್ತದೆ, ಅವನ ಮುಖವನ್ನು ನೋಡುತ್ತದೆ, ಏನು ಹೇಳಿದರೆ ಇವನಿಗೆ ಮೆಚ್ಚಿಗೆಯಾದೀತೆಂದು ಊಹಿಸುತ್ತದೆ. ಕೊನೆಗೆ ಅವನು ಬರೆದಿಟ್ಟ ತೀರ್ಪನ್ನು ಹೊತ್ತು ಬಾಳುತ್ತದೆ.

ಆದುದರಿಂದ ಈ ಶಾಸ್ತ್ರದಲ್ಲಿ ಸಂಶೋಧನೆಯ ವಿಧಾನ ಮತ್ತು ಸಂಶೋಧನೆಯ ನೀತಿ ಎಂಬ ಎರಡು ಪ್ರಕರಣಗಳನ್ನು ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟರೂ ವ್ಯವಹಾರದಲ್ಲಿ ಅವು ಬೇರೆಯಾಗಿ ನಿಲ್ಲಲಾರವು. ತಪ್ಪು ಅಳತೆ ಕೇವಲ ಅಶಾಸ್ತ್ರೀಯವಲ್ಲ, ಅನ್ಯಾಯವೂ ಹೌದು. ತಿಳಿಯದೆ ಕೊಟ್ಟ ಒಪ್ಪಿಗೆ ಕೇವಲ ಅನೀತಿಯಲ್ಲ, ಅದರ ಮೇಲೆ ನಿಂತ ಉತ್ತರವೂ ನಂಬಲರ್ಹವಲ್ಲ. ಇವೆರಡೂ ಒಂದನ್ನೊಂದು ಸಂಧಿಸುವ ಸ್ಥಳ ಭಾಷೆ. ಮನೆಯ ಮಾತು ಒಂದು, ಬೀದಿಯ ಮಾತು ಮತ್ತೊಂದು ಆಗಿರುವ ಪುಣೆಯ ಕನ್ನಡಿಗರ ಬಾಳಿನಲ್ಲಿ ಈ ಸತ್ಯವು ಬೇರೆಲ್ಲಿಯೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ.

೨

ಭಾರತದಲ್ಲಿ ಮನಶ್ಶಾಸ್ತ್ರದ ಮೊದಲ ವಿಶ್ವವಿದ್ಯಾಲಯ ವಿಭಾಗವು ೧೯೧೬ರಲ್ಲಿ ಕಲಕತ್ತೆಯಲ್ಲಿ ಪ್ರಾರಂಭವಾಯಿತು. ಅದರ ಬೆನ್ನಿಗೆ, ೧೯೨೪ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರಿನಲ್ಲಿ ವಿಭಾಗವು ತೆರೆಯಿತು. ಪುಣೆಯಲ್ಲಿ ವಿಶ್ವವಿದ್ಯಾಲಯವು ಸ್ಥಾಪನೆಗೊಂಡ ಸ್ವಲ್ಪ ಕಾಲದಲ್ಲಿಯೇ, ೧೯೫೦ರಲ್ಲಿ, ವಿ. ಕೆ. ಕೊಠೂರಕರರ ಮುಂದಾಳುತನದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ವಿಭಾಗವು ರೂಪುಗೊಂಡಿತು. ೧೯೬೨ರಲ್ಲಿ ವಿ. ವಿ. ಪೆಂಡಸೆಯವರು ಇದೇ ನಗರದಲ್ಲಿ ಜ್ಞಾನ ಪ್ರಬೋಧಿನಿಯನ್ನು ಸ್ಥಾಪಿಸಿ, ಪ್ರತಿಭಾವಂತ ಮಕ್ಕಳ ಶಿಕ್ಷಣಕ್ಕೆ ಮಾನಸಿಕ ಪರೀಕ್ಷೆಗಳ ನೆರವನ್ನು ಪಡೆದರು. ಹೀಗೆ ಪುಣೆಯು ಮನಸ್ಸನ್ನು ಅಳೆಯುವ ವಿದ್ಯೆಗೆ ಹೊಸ ಊರೇನೂ ಅಲ್ಲ.

ಆದರೆ ಕನ್ನಡ ಮತ್ತು ಮರಾಠಿಗಳೆರಡಕ್ಕೂ ಸಂಬಂಧಿಸಿದ ಮುಖ್ಯ ಪ್ರಯತ್ನವು ಇದಕ್ಕೂ ಹಿಂದಿನದು. ಫ್ರಾನ್ಸಿನ ಬಿನೆ ಮತ್ತು ಸಿಮೋ ೧೯೦೫ರಲ್ಲಿ ರಚಿಸಿದ ಬುದ್ಧಿಪರೀಕ್ಷೆಯನ್ನು ಅಮೇರಿಕದ ಟರ್ಮನ್ ೧೯೧೬ರಲ್ಲಿ ಪರಿಷ್ಕರಿಸಿದ್ದನು. ವಿ. ವಿ. ಕಾಮತರು ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ‘ಮುಂಬಯಿ-ಕರ್ನಾಟಕ ಪರಿಷ್ಕರಣ’ವನ್ನು ಸಿದ್ಧಪಡಿಸಿದರು. ಇದರ ವಿವರವನ್ನೊಳಗೊಂಡ ಅವರ ಇಂಗ್ಲಿಷ್ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ ಪರೀಕ್ಷೆಯೆಂಬ ಹೆಸರಿನಿಂದ ಅದು ಅನೇಕ ದಶಕಗಳ ಕಾಲ ಚಿಕಿತ್ಸಾಲಯಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಾಯಿತು.

ಇಂತಹ ಪರೀಕ್ಷೆಯನ್ನು ಹೊಂದಿಸುವುದೆಂದರೆ ಪ್ರಶ್ನೆಗಳನ್ನು ಭಾಷಾಂತರಿಸುವುದಷ್ಟೇ ಅಲ್ಲ. ಪ್ರಶ್ನೆಗಳನ್ನು ಬೇರೆ ಬೇರೆ ವಯಸ್ಸಿನ ಬಹುಸಂಖ್ಯ ಮಕ್ಕಳಿಗೆ ಕೇಳಿ, ಯಾವ ಪ್ರಶ್ನೆಗೆ ಯಾವ ವಯಸ್ಸಿನ ಹೆಚ್ಚಿನ ಮಕ್ಕಳು ಉತ್ತರಿಸಬಲ್ಲರೆಂಬುದನ್ನು ಕಂಡುಹಿಡಿದು, ಅದರ ಮೇಲೆ ಮಾನಕವನ್ನು ಕಟ್ಟಬೇಕು. ಮಗುವಿನ ಮಾನಸಿಕ ವಯಸ್ಸನ್ನು ಅದರ ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ ಬುದ್ಧಿಲಬ್ಧವು ತೂಕದ ಕಲ್ಲಿನಂತೆ ಎಲ್ಲೆಡೆಗೂ ಒಂದೇ ಆಗಿರುವ ಪರಿಮಾಣವಲ್ಲ. ಅದು ‘ಇಂಥವರ ನಡುವೆ ಇಂಥವನ ಸ್ಥಾನ’ವನ್ನು ಹೇಳುವ ಸಂಖ್ಯೆ. ‘ಇಂಥವರು’ ಯಾರೆಂಬುದು ಬದಲಾದರೆ ಸಂಖ್ಯೆಯ ಅರ್ಥವೂ ಬದಲಾಗುತ್ತದೆ. ಕಾಲ ಸರಿದಂತೆ ಮಾನಕವೂ ಹಳತಾಗುತ್ತದೆ. ಒಂದು ತಲೆಮಾರಿನ ಮಕ್ಕಳಿಗೆ ಕಟ್ಟಿದ ಮಾನಕದಿಂದ ಮುಂದಿನ ತಲೆಮಾರನ್ನು ಅಳೆದರೆ ಅಂಕಗಳು ಏರಿ ಕಾಣುವವೆಂಬುದನ್ನು ಜೇಮ್ಸ್ ಫ್ಲಿನ್ ೧೯೮೦ರ ದಶಕದಲ್ಲಿ ಅನೇಕ ದೇಶಗಳ ಅಂಕಿಗಳಿಂದ ತೋರಿಸಿದನು.

ಈಗ ಪುಣೆಯಲ್ಲಿ ಬೆಳೆಯುತ್ತಿರುವ ಒಂದು ಕನ್ನಡ ಮಗುವನ್ನು ಕಲ್ಪಿಸಿಕೊಳ್ಳಬಹುದು. ಅದರ ತಂದೆತಾಯಿಗಳು ಕಲಬುರಗಿಯಿಂದಲೋ ಯಾದಗಿರಿಯಿಂದಲೋ ವಿಜಯಪುರದಿಂದಲೋ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್. ಧಾರವಾಡದ ಕನ್ನಡ ಶಾಲೆಯ ಮಗುವಿಗೆ ಕಟ್ಟಿದ ಮಾನಕ ಇದಕ್ಕೆ ಒಪ್ಪುವುದಿಲ್ಲ. ಪುಣೆಯ ಮರಾಠಿ ಮನೆಯ ಮಗುವಿನ ಮಾನಕವೂ ಒಪ್ಪುವುದಿಲ್ಲ. ಯಾವ ಭಾಷೆಯಲ್ಲಿ ಕೇಳಿದರೂ ಅದರ ಅರ್ಧ ಅರಿವು ಇನ್ನೊಂದು ಭಾಷೆಯಲ್ಲಿ ಉಳಿದುಬಿಡುತ್ತದೆ. ಶಾಲೆಯಲ್ಲಿ ಹಿಂದೆ ಬಿದ್ದ ಈ ಮಗುವನ್ನು ಪರೀಕ್ಷಿಸಿ ‘ಮಂದಬುದ್ಧಿ’ ಎಂದು ಬರೆಯುವುದು ಕೆಲವೇ ನಿಮಿಷಗಳ ಕೆಲಸ. ಆ ಬರೆಹವನ್ನು ಅಳಿಸಲು ಒಂದು ಬಾಳು ಸಾಲದು.

೩

ಭಾಷೆಯು ಅಳತೆಯೊಳಗೆ ಎಷ್ಟು ಸೂಕ್ಷ್ಮವಾಗಿ ನುಸುಳುತ್ತದೆಂಬುದಕ್ಕೆ ಅತ್ಯಂತ ಸರಳವೆನಿಸುವ ಒಂದು ಪರೀಕ್ಷೆಯನ್ನೇ ನೋಡಬಹುದು. ಬಿನೆಯ ಪರಂಪರೆಯ ಪರೀಕ್ಷೆಗಳಲ್ಲಿ ಅಂಕೆಗಳ ಪುನರುಚ್ಚಾರವೆಂಬುದೊಂದುಂಟು. ಪರೀಕ್ಷಕನು ಕೆಲವು ಅಂಕೆಗಳನ್ನು ಸಾಲಾಗಿ ಹೇಳುತ್ತಾನೆ. ಮಗುವು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ಇದರಲ್ಲಿ ಸಂಸ್ಕೃತಿಯ ಪ್ರಶ್ನೆ ಎಲ್ಲಿಂದ ಬಂತೆಂದು ಯಾರಿಗಾದರೂ ತೋರಬಹುದು.

ಆದರೆ ಕನ್ನಡದ ಅಂಕೆಗಳನ್ನೂ ಮರಾಠಿಯ ಅಂಕೆಗಳನ್ನೂ ಬಾಯಿಬಿಟ್ಟು ಎಣಿಸಿ ನೋಡಬೇಕು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು: ಇವುಗಳಲ್ಲಿ ಒಟ್ಟು ೨೦ ಉಚ್ಚಾರಾಂಶಗಳಿವೆ. ಏಕ್, ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್, ಆಠ್, ನಊ: ಇವುಗಳಲ್ಲಿ ೧೧ ಮಾತ್ರ. ಕ್ಷಣಿಕ ಸ್ಮೃತಿಯು ಕೇಳಿದ್ದನ್ನು ಒಳಗೊಳಗೇ ಉಚ್ಚರಿಸುತ್ತ ಹಿಡಿದಿಡುವುದರಿಂದ, ಉಚ್ಚಾರಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವ ಪದಗಳು ಅದರಲ್ಲಿ ಕಡಮೆ ನಿಲ್ಲುತ್ತವೆ. ವೇಲ್ಸ್ ದೇಶದ ದ್ವಿಭಾಷಿಕರಲ್ಲಿ ಈ ಮಾತನ್ನು ಎಲಿಸ್ ಮತ್ತು ಹೆನ್ನೆಲಿ ೧೯೮೦ರಲ್ಲಿ ತೋರಿಸಿದರು. ವೆಲ್ಷ್ ಅಂಕೆಗಳ ಉಚ್ಚಾರಕ್ಕೆ ಇಂಗ್ಲಿಷ್ ಅಂಕೆಗಳಿಗಿಂತ ಹೆಚ್ಚು ಸಮಯ ಹಿಡಿಯುವ ಕಾರಣ, ಅದೇ ವ್ಯಕ್ತಿಯ ಅಂಕೆಸ್ಮೃತಿಯು ವೆಲ್ಷ್ ಭಾಷೆಯಲ್ಲಿ ಕಡಮೆಯಾಗಿ ಕಂಡಿತು. ಅಲ್ಲಿ ಕುಗ್ಗಿದ್ದು ಬುದ್ಧಿಯಲ್ಲ, ಹಿಗ್ಗಿದ್ದು ಪದ. ಕನ್ನಡ ಮಗುವನ್ನು ಅದರ ತಾಯ್ನುಡಿಯಲ್ಲಿಯೇ ಪರೀಕ್ಷಿಸಿ, ಮರಾಠಿ ಮಾನಕದೊಡನೆ ಹೋಲಿಸುವವನು ಈ ಭೇದವನ್ನು ಮರೆತರೆ, ಒಳ್ಳೆಯ ಉದ್ದೇಶದಿಂದಲೇ ಅನ್ಯಾಯ ಮಾಡಿದಂತಾಗುತ್ತದೆ.

ಸಂಖ್ಯೆಗಳು ದೊಡ್ಡವಾದಂತೆ ಮತ್ತೊಂದು ತೊಡಕು ಹುಟ್ಟುತ್ತದೆ. ಕನ್ನಡದ ‘ಇಪ್ಪತ್ತೈದು’ ಮೊದಲು ಇಪ್ಪತ್ತನ್ನು, ಬಳಿಕ ಐದನ್ನು ಹೇಳುತ್ತದೆ. ಮರಾಠಿಯ ‘ಪಂಚವೀಸ್’ ಮೊದಲು ಐದನ್ನು ಹೇಳಿ ಆಮೇಲೆ ಇಪ್ಪತ್ತಕ್ಕೆ ಬರುತ್ತದೆ. ಕನ್ನಡದ ‘ಹತ್ತೊಂಬತ್ತು’ ಹತ್ತಕ್ಕೆ ಒಂಬತ್ತನ್ನು ಕೂಡಿಸಿದರೆ, ಮರಾಠಿಯ ‘ಏಕೋಣೀಸ್’ ಇಪ್ಪತ್ತಕ್ಕೆ ಒಂದು ಕಡಮೆಯೆನ್ನುತ್ತದೆ. ಬಾಯಿಲೆಕ್ಕದ ಪರೀಕ್ಷೆಯಲ್ಲಿ ಕನ್ನಡ ಮಗುವು ಒಂದು ಕ್ಷಣ ತಡೆದರೆ, ಆ ಕ್ಷಣವನ್ನು ಗಣಿತದ ದೌರ್ಬಲ್ಯವೆಂದು ಎಣಿಸಬೇಕೋ ಭಾಷಾಂತರದ ಕಾಲವೆಂದು ಎಣಿಸಬೇಕೋ ಎಂಬುದನ್ನು ಗಡಿಯಾರವು ಹೇಳಲಾರದು.

ಭಾಷೆಯ ಆಶ್ರಯವನ್ನು ಆದಷ್ಟು ಬಿಟ್ಟು, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳನ್ನು ರಚಿಸುವ ಯತ್ನಗಳೂ ನಡೆದಿವೆ. ಸಿ. ಎಂ. ಭಾಟಿಯಾ ಅವರು ೧೯೫೫ರಲ್ಲಿ ಪ್ರಕಟಿಸಿದ ಕ್ರಿಯಾಪರೀಕ್ಷೆಗಳಲ್ಲಿ ಬಣ್ಣದ ಘನಗಳಿಂದ ವಿನ್ಯಾಸ ಕಟ್ಟುವುದು, ಚಿತ್ರದ ತುಂಡುಗಳನ್ನು ಜೋಡಿಸುವುದು ಮುಂತಾದ ಐದು ಭಾಗಗಳಿದ್ದು, ಸ್ಮೃತಿಯ ಭಾಗಕ್ಕೆ ನಿರಕ್ಷರರಿಗಾಗಿ ಬೇರೆಯೇ ರೂಪವನ್ನು ಕಲ್ಪಿಸಲಾಗಿತ್ತು. ಇಂತಹ ಪರೀಕ್ಷೆಗಳು ಉಪಯುಕ್ತವಾದುವು. ಆದರೆ ಇವೂ ಸಂಪೂರ್ಣ ನಿರ್ಭಾಷಿಕವಲ್ಲ. ಸೂಚನೆಯನ್ನು ಹೇಳಲು ಮಾತು ಬೇಕು. ಕಾಗದದ ಮೇಲಿನ ಚಿತ್ರವನ್ನು ಓದಲು ಅಭ್ಯಾಸ ಬೇಕು.

೪

ವಲಸೆ ಬಂದವರನ್ನು ಅನ್ಯಭಾಷೆಯಲ್ಲಿ ಅಳೆದ ಇತಿಹಾಸವು ಎಚ್ಚರಿಕೆಯನ್ನು ಕೊಡುವಂತಹುದು. ೧೯೧೩ರಲ್ಲಿ ಅಮೇರಿಕದ ಹೆನ್ರಿ ಗಾಡರ್ಡ್ ತನ್ನ ಸಹಾಯಕರನ್ನು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪಕ್ಕೆ ಕಳುಹಿಸಿ, ಹಡಗಿನಿಂದ ಇಳಿದು ಬಂದ ಯುರೋಪಿನ ಬಡವರಿಗೆ ದುಭಾಷಿಗಳ ಮೂಲಕ ಬಿನೆಯ ಪರೀಕ್ಷೆಯನ್ನು ಮಾಡಿಸಿದನು. ೧೯೧೭ರಲ್ಲಿ ಪ್ರಕಟವಾದ ಫಲಿತಾಂಶದ ಮೇರೆಗೆ, ಪರೀಕ್ಷಿತರಾದ ಯಹೂದ್ಯರಲ್ಲಿ ಶೇಕಡಾ ೮೩, ಹಂಗೇರಿಯವರಲ್ಲಿ ೮೦, ಇಟಲಿಯವರಲ್ಲಿ ೭೯, ರಷ್ಯದವರಲ್ಲಿ ೮೭ ಮಂದಿ ದುರ್ಬಲಬುದ್ಧಿಯವರು! ಹಡಗಿನ ತಳದಲ್ಲಿ ದಿನಗಟ್ಟಲೆ ಕಳೆದು, ಪರದೇಶದ ನೆಲದ ಮೇಲೆ ಮೊದಲ ಹೆಜ್ಜೆಯಿಟ್ಟು, ತಿರುಗಿ ಅಟ್ಟಿಬಿಟ್ಟಾರೆಂಬ ಭಯದಿಂದ ನಡುಗುತ್ತಿದ್ದವರ ಮುಂದೆ ಹಿಡಿದ ಅಳತೆಗೋಲು ಅದು. ಇಂತಹ ಅಸಂಭವನೀಯ ಫಲ ಬಂದಾಗ ಕೋಲನ್ನೇ ಸಂಶಯಿಸುವುದು ಶಾಸ್ತ್ರಜ್ಞನ ಧರ್ಮವಾಗಿತ್ತು.

ಅದೇ ದೇಶದ ಕಾರ್ಲ್ ಬ್ರಿಗಮ್ ೧೯೨೩ರಲ್ಲಿ, ಸೈನ್ಯದ ಬುದ್ಧಿಪರೀಕ್ಷೆಗಳ ಆಧಾರದಿಂದ, ದಕ್ಷಿಣ ಮತ್ತು ಪೂರ್ವ ಯುರೋಪಿನ ವಲಸೆಗಾರರು ಬುದ್ಧಿಯಲ್ಲಿ ಕೀಳೆಂದು ಗ್ರಂಥ ಬರೆದನು. ೧೯೩೦ರಲ್ಲಿ ಅವನೇ ಆ ವಾದವನ್ನು ಬಹಿರಂಗವಾಗಿ ಹಿಂದೆಗೆದುಕೊಂಡು, ಒಂದು ಭಾಷೆಯ ಪರೀಕ್ಷೆಯು ಆ ಭಾಷೆಯನ್ನು ಕಲಿಯಲು ಸಮಾನ ಅವಕಾಶವಿದ್ದವರಿಗೆ ಮಾತ್ರ ಸಲ್ಲುತ್ತದೆಂದು ಒಪ್ಪಿದನು. ಅಷ್ಟರಲ್ಲಿ, ೧೯೨೪ರಲ್ಲಿಯೇ, ಅಂಥವರ ಪ್ರವೇಶವನ್ನು ಬಿಗಿಯಾಗಿ ಮಿತಗೊಳಿಸುವ ಶಾಸನವು ಅಮೇರಿಕದಲ್ಲಿ ಜಾರಿಗೆ ಬಂದಾಗಿತ್ತು. ಆ ಶಾಸನಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೂ ಶಾಸ್ತ್ರದ ತಿದ್ದುಪಡಿಯು ಜನರ ಬಾಳನ್ನು ತಿದ್ದುವಷ್ಟು ಬೇಗ ಬರುವುದಿಲ್ಲವೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಯ ಬಲದಿಂದ ಮಂದಬುದ್ಧಿಯವರ ತರಗತಿಗೆ ಹಾಕಲಾಗಿತ್ತು. ಅವರನ್ನು ಸ್ಪ್ಯಾನಿಷಿನಲ್ಲಿ ತಿರುಗಿ ಪರೀಕ್ಷಿಸಿದಾಗ ಹೆಚ್ಚಿನವರ ಅಂಕಗಳು ಆ ತರಗತಿಯ ಮೇರೆಯನ್ನು ದಾಟಿದುವು. ೧೯೭೦ರಲ್ಲಿ ನ್ಯಾಯಾಲಯದಲ್ಲಿ ಆದ ಒಡಂಬಡಿಕೆಯಂತೆ, ಮಕ್ಕಳನ್ನು ಅವರ ಮನೆಮಾತಿನಲ್ಲಿಯೂ ಪರೀಕ್ಷಿಸತಕ್ಕದ್ದೆಂದು ನಿಶ್ಚಯವಾಯಿತು. ವಿಧಾನದ ದೋಷವೊಂದು ನ್ಯಾಯಾಲಯದ ಕಟ್ಟೆ ಹತ್ತಿದ ಮೇಲೆಯೇ ನೀತಿಯ ಪ್ರಶ್ನೆಯಾಗಿ ಕಂಡದ್ದು ವಿಷಾದದ ಸಂಗತಿ.

೫

ಬುದ್ಧಿಯನ್ನು ಅಳೆಯುವಾಗಲೇ ಹೀಗಾದರೆ, ನೋವನ್ನು ಅಳೆಯುವಾಗ ಹೇಗೆ? ಮನಸ್ಸಿನ ಅವಸ್ಥೆಗಳನ್ನು ಕುರಿತ ಪ್ರಶ್ನಾವಳಿಗಳು ಬಹುಮಟ್ಟಿಗೆ ಇಂಗ್ಲಿಷಿನಿಂದ ಭಾರತೀಯ ಭಾಷೆಗಳಿಗೆ ಬಂದವು. ಪುಣೆಯಲ್ಲಿ ಅವುಗಳ ಮರಾಠಿ ರೂಪವು ಕೈಗೆ ಸುಲಭವಾಗಿ ಸಿಗುತ್ತದೆ. ಅದನ್ನೇ ಹಿಡಿದು, ಮರಾಠಿ ಬಲ್ಲ ಕನ್ನಡಿಗನೊಬ್ಬನು ಸ್ಥಳದಲ್ಲಿಯೇ ಬಾಯಿಂದ ಕನ್ನಡಿಸಿ ಕೇಳಿದರೆ ಸಾಲದೆ ಎಂಬ ಆಲೋಚನೆ ಸಹಜ. ಇಲ್ಲಿಯೇ ಅಪಾಯವಿದೆ.

ಎರಡು ಭಾಷೆಗಳಲ್ಲಿಯೂ ಇರುವ ಸಂಸ್ಕೃತ ಶಬ್ದಗಳು ಒಂದೇ ಅರ್ಥವನ್ನು ಕೊಡುತ್ತವೆಂಬುದು ಭ್ರಮೆ. ಮರಾಠಿಯಲ್ಲಿ ‘ಸಂತಾಪ’ವೆಂದರೆ ಉಗ್ರವಾದ ಸಿಟ್ಟು, ಕನ್ನಡದಲ್ಲಿ ಅದು ದುಃಖ. ಮರಾಠಿಯ ‘ರಾಗ’ ಕೋಪ. ಕನ್ನಡದ ರಾಗವು ಹಾಡಿನದು, ಇಲ್ಲವೆ ಅನುರಾಗ. ಮರಾಠಿಯ ‘ಚೌಕಶಿ’ ವಿಚಾರಣೆ. ಕನ್ನಡದ ‘ಚೌಕಾಶಿ’ ಅಂಗಡಿಯಲ್ಲಿ ಬೆಲೆಗಾಗಿ ಮಾಡುವ ವಾದ. ಸಿಟ್ಟಿನ ಪ್ರಶ್ನೆಗೆ ದುಃಖದ ಉತ್ತರ ಬಂದು ಕೋಷ್ಟಕದಲ್ಲಿ ಸೇರಿದ ಮೇಲೆ ಯಾವ ಗಣಿತವೂ ಅದನ್ನು ಹೊರತೆಗೆಯಲಾರದು.

ಇನ್ನು ಶುದ್ಧ ಕನ್ನಡದಲ್ಲಿಯೇ ಬರೆದರೂ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ‘ಖಿನ್ನತೆ’, ‘ಆತಂಕ’ ಎಂಬ ಗ್ರಂಥಸ್ಥ ಶಬ್ದಗಳು ಕಲಬುರಗಿಯ ಹಳ್ಳಿಯಿಂದ ಬಂದ ತಾಯಿಗೆ ಏನನ್ನೂ ಹೇಳದೆ ಹೋಗಬಹುದು. ಅವಳು ‘ಜೀವ ಬ್ಯಾಸತ್ತೈತಿ’ ಎನ್ನುತ್ತಾಳೆ, ‘ಎದಿ ಡವಡವ ಅಂತೈತಿ’ ಎನ್ನುತ್ತಾಳೆ, ಇಲ್ಲವೆ ತಲೆಭಾರ, ಮೈಕೈ ನೋವುಗಳನ್ನಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಈ ಮೌನಕ್ಕೂ ಕಾರಣವುಂಟು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ಆರ್. ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು ೮೦ ಮಂದಿ ಹೊರರೋಗಿಗಳನ್ನು ಮಾತಾಡಿಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ದುಗುಡವು ಹೆಚ್ಚಿದಂತೆ ಲೋಕನಿಂದೆಯ ಭಯವೂ ಹೆಚ್ಚಾಗಿಯೂ, ದೇಹದ ನೋವುಗಳ ವಿಷಯದಲ್ಲಿ ಆ ಭಯವು ಕಡಮೆಯಾಗಿಯೂ ಕಂಡುಬಂದಿತು. ಮೈನೋವು ಎಲ್ಲರಿಗೂ ಬರುವಂತಹುದು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮಗಳ ಮದುವೆಗೇ ತೊಡಕಾದೀತು. ಇದನ್ನರಿಯದ ಪ್ರಶ್ನಾವಳಿಯು ಕನ್ನಡಿಗರಿಗೆ ದುಗುಡವೇ ಇಲ್ಲವೆಂದೋ, ಇಲ್ಲವೆ ಅವರಿಗೆ ಅದನ್ನು ಹೇಳಲು ಬರುವುದಿಲ್ಲವೆಂದೋ ಸುಳ್ಳು ನಿರ್ಣಯಕ್ಕೆ ಬರುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಒಬ್ಬನು ಕನ್ನಡಿಸಿದ್ದನ್ನು, ಮೂಲವನ್ನು ಕಾಣದ ಇನ್ನೊಬ್ಬನು ತಿರುಗಿ ಮೂಲಭಾಷೆಗೆ ತರಬೇಕು. ಎರಡನ್ನೂ ಎದುರುಬದುರಿಟ್ಟು ಭೇದವನ್ನು ನೋಡಬೇಕು. ಬಳಿಕ ಆ ಜನರಲ್ಲಿಯೇ ಕೆಲವರಿಗೆ ಅದನ್ನು ಓದಿ ಹೇಳಿ, ಪ್ರಶ್ನೆಯಿಂದ ಏನು ತಿಳಿಯಿತೆಂದು ಅವರ ಮಾತಿನಲ್ಲಿಯೇ ಕೇಳಬೇಕು. ಯಾವ ಭಾಷೆಯಲ್ಲಿ, ಯಾರ ಬಾಯಿಂದ ಪರೀಕ್ಷೆ ನಡೆಯಿತೆಂಬುದನ್ನು ವರದಿಯಲ್ಲಿ ತಪ್ಪದೆ ದಾಖಲಿಸಬೇಕು. ಒಂದೇ ಪರೀಕ್ಷೆಯ ಒಂದೇ ಅಂಕದ ಮೇಲೆ ಯಾವ ಮಗುವಿಗೂ ಹೆಸರಿಡಬಾರದು.

೬

ಇನ್ನು ಒಪ್ಪಿಗೆಯ ವಿಚಾರ. ನಾಜಿ ವೈದ್ಯರು ಬಂದಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯ ಕೊನೆಯಲ್ಲಿ, ೧೯೪೭ರಲ್ಲಿ, ನ್ಯೂರೆಂಬರ್ಗಿನ ನ್ಯಾಯಾಧೀಶರು ವಿಧಿಸಿದ ಮೊದಲ ನಿಯಮವೇ, ಮನುಷ್ಯನ ಮೇಲೆ ನಡೆಯುವ ಪ್ರಯೋಗಕ್ಕೆ ಅವನ ಸ್ವಯಂಪ್ರೇರಿತ ಸಮ್ಮತಿಯು ಅತ್ಯವಶ್ಯವೆಂಬುದು. ಅಮೇರಿಕದ ಮನಶ್ಶಾಸ್ತ್ರಜ್ಞರ ಸಂಘವು ೧೯೫೩ರಲ್ಲಿ ತನ್ನ ಮೊದಲ ನೀತಿಸಂಹಿತೆಯನ್ನು ಹೊರತಂದಿತು.

ಆದರೂ ಪ್ರಶ್ನೆ ತೀರಲಿಲ್ಲ. ಸ್ಟಾನ್ಲಿ ಮಿಲ್‌ಗ್ರಾಮ್ ೧೯೬೩ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಜನರನ್ನು ಕರೆದದ್ದು ಸ್ಮೃತಿ ಮತ್ತು ಕಲಿಕೆಯ ಅಧ್ಯಯನವೆಂದು ಹೇಳಿ. ವಾಸ್ತವವಾಗಿ ಅಳೆಯುತ್ತಿದ್ದುದು ವಿಧೇಯತೆಯನ್ನು. ಪ್ರಯೋಗಕರ್ತನ ಆಜ್ಞೆಯಂತೆ, ಇನ್ನೊಬ್ಬನಿಗೆ ತಾವು ವಿದ್ಯುದಾಘಾತ ಕೊಡುತ್ತಿದ್ದೇವೆಂದು ನಂಬಿ, ೪೦ ಮಂದಿಯಲ್ಲಿ ೨೬ ಮಂದಿ ಕೊನೆಯ ೪೫೦ ವೋಲ್ಟಿನ ಗುಂಡಿಯನ್ನೂ ಒತ್ತಿದರು. ಆಘಾತವು ಸುಳ್ಳು, ಅವರು ಪಟ್ಟ ಸಂಕಟ ಮಾತ್ರ ನಿಜ. ಮರುವರ್ಷವೇ ಡಯಾನಾ ಬೌಮ್ರಿಂಡ್ ಇದನ್ನು ಕಟುವಾಗಿ ಖಂಡಿಸಿದಳು. ಸತ್ಯವನ್ನು ತಿಳಿಯಲು ಸುಳ್ಳನ್ನು ಎಷ್ಟು ದೂರ ಬಳಸಬಹುದೆಂಬ ವಾದವು ಅಂದಿನಿಂದ ನಿಂತಿಲ್ಲ.

ಈ ಪ್ರಯೋಗದಿಂದ ಇಲ್ಲಿಯ ಪರಿಸ್ಥಿತಿಗೆ ಮತ್ತೊಂದು ಪಾಠವೂ ಇದೆ. ಅಧಿಕಾರದ ಮುಖ ಕಂಡೊಡನೆ ಮನುಷ್ಯನು ‘ಆಗಲಿ’ ಎನ್ನುತ್ತಾನೆ. ಕಟ್ಟಡದ ಬಳಿಯ ತಗಡಿನ ಮನೆಗಳ ಸಾಲಿಗೆ ಸಂಶೋಧಕನು ಮುಕಾದಮನ ಅಪ್ಪಣೆ ಪಡೆದೇ ಹೋಗುತ್ತಾನೆ. ಮುಕಾದಮನೇ ಜತೆಗೆ ಬಂದು ನಿಂತರೆ, ಅವನಿಂದ ಮುಂಗಡ ಹಣ ಪಡೆದ ಕೂಲಿಕಾರನು ಒಲ್ಲೆನೆಂದು ಹೇಳುವುದೆಂತು? ಮರಾಠಿಯಲ್ಲಿ ಅಚ್ಚಾದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಕಡತ ತುಂಬೀತು, ಒಪ್ಪಿಗೆ ದೊರೆತಂತಾಗದು. ಬಂದವನು ಸರಕಾರದವನೆಂದೂ, ರೇಷನ್ ಕಾರ್ಡು ಕೊಡಿಸುವನೆಂದೂ ಭಾವಿಸಿ ಒಪ್ಪಿದವನು ಸಂಶೋಧನೆಗೆ ಒಪ್ಪಿದವನಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ಮಾರ್ಗಸೂಚಿಗಳು ಈ ಬಗೆಗೆ ಸ್ಪಷ್ಟವಾಗಿವೆ. ವಿವರಣೆಯು ಪಾಲುಗೊಳ್ಳುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅವನು ನಿರಕ್ಷರನಾದರೆ ಸಂಶೋಧನೆಗೆ ಸಂಬಂಧವಿಲ್ಲದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬನು ಎದುರಿಗಿರಬೇಕು. ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿಯ ಜತೆಗೆ, ೭ರಿಂದ ೧೧ ವರ್ಷದವರ ಬಾಯಿಮಾತಿನ ಒಪ್ಪಿಗೆಯನ್ನೂ, ೧೨ರಿಂದ ಮೇಲಿನವರ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. ೨೦೧೭ರ ಮಾನಸಿಕ ಆರೋಗ್ಯ ಶಾಸನವು ಮನೋರೋಗಿಗಳ ಸಂದರ್ಶನಕ್ಕೂ ಸಹ, ಅದು ಸಂಶೋಧನೆಗಾಗಿ ನಡೆದರೆ, ಅವರ ಮುಕ್ತವಾದ ತಿಳಿದ ಸಮ್ಮತಿಯನ್ನು ವಿಧಿಸುತ್ತದೆ. ಕೊಟ್ಟ ಸಮ್ಮತಿಯನ್ನು ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳುವ ಹಕ್ಕನ್ನೂ ಕೊಡುತ್ತದೆ.

೭

ಇಲ್ಲಿ ಪುಣೆಯ ವಿದ್ಯಾವಂತ ಕನ್ನಡಿಗರ ಹೊಣೆ ಬರುತ್ತದೆ. ಆಸ್ಪತ್ರೆಯಲ್ಲಾಗಲಿ ಶಾಲೆಯಲ್ಲಾಗಲಿ ಕನ್ನಡ ಬಲ್ಲವರು ಬೇಕಾದಾಗ ಕರೆ ಬರುವುದು ಇಂಥವರಿಗೇ. ಆದರೆ ದುಭಾಷಿಯ ಕೆಲಸ ಸುಲಭವಲ್ಲ. ಸುಶಿಕ್ಷಿತ ದುಭಾಷಿಯು ಕೂಲಿಕಾರನ ಒಡೆದ ಮಾತನ್ನು ತಿದ್ದಿ ನೇರ್ಪುಗೊಳಿಸುತ್ತಾನೆ, ತನಗೆ ಸಂಕೋಚವೆನಿಸಿದ್ದನ್ನು ಬಿಡುತ್ತಾನೆ, ಮಗು ತಡವರಿಸಿದಾಗ ಮರುಕದಿಂದ ಸುಳಿವು ಕೊಡುತ್ತಾನೆ, ಕನ್ನಡಿಗರ ಮಾನ ಹೋದೀತೆಂದು ಉತ್ತರವನ್ನೇ ಹೊಳಪಿಸುತ್ತಾನೆ. ಇವೆಲ್ಲವೂ ಪ್ರೀತಿಯಿಂದ ಆಗುವ ಅಪಚಾರಗಳು. ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ದಾಟಿಸುವುದೇ ಅವನ ಧರ್ಮ.

ಗೌಪ್ಯದ ಮಾತು ಇದಕ್ಕಿಂತಲೂ ಗಂಭೀರ. ಪರಊರಿನಲ್ಲಿ ಒಂದೇ ತಾಲೂಕಿನವರು ಒಬ್ಬರಿಗೊಬ್ಬರು ಗುರುತಿನವರೇ. ವರದಿಯಲ್ಲಿ ಹೆಸರನ್ನು ಬಿಟ್ಟರೂ ಊರು, ವೃತ್ತಿ, ಮಕ್ಕಳ ಸಂಖ್ಯೆ ಇಷ್ಟನ್ನು ಬರೆದರೆ ಯಾರದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ದುಭಾಷಿಯಾಗಿ ಕೇಳಿದ ಮಾತು ನಾಡಹಬ್ಬದ ಸಭಾಂಗಣಕ್ಕೆ ತಲುಪಿದರೆ, ಮುಂದೆ ಯಾವ ತಾಯಿಯೂ ಕನ್ನಡದಲ್ಲಿ ಬಾಯಿ ಬಿಡಲಾರಳು.

ಕೊನೆಯದಾಗಿ, ಕಂಡ ಫಲವನ್ನು ಕಂಡಂತೆ ಹೇಳುವ ನಿಷ್ಠೆ. ಇದಕ್ಕೆ ಪುಣೆಯ ಒಂದು ನಿದರ್ಶನ ಸಾಕು. ಮುಂದೆ ಡೆಕ್ಕನ್ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪನ ಮಾಡಿದ ಇರಾವತಿ ಕರ್ವೆಯವರು ೧೯೨೦ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಯೂಜೆನ್ ಫಿಷರನ ಶಿಷ್ಯೆಯಾಗಿದ್ದರು. ತಲೆಬುರುಡೆಯ ಎಡಬಲಗಳ ವ್ಯತ್ಯಾಸದಲ್ಲಿ ಜನಾಂಗಗಳ ಮೇಲುಕೀಳು ಕಾಣುವುದೆಂಬುದು ಗುರುವಿನ ನಿರೀಕ್ಷೆ. ಕರ್ವೆಯವರು ಅಳೆದು ನೋಡಿ, ಅಂತಹ ಜನಾಂಗಭೇದವು ಕಾಣುವುದಿಲ್ಲವೆಂದು ಬರೆದರು. ಪರದೇಶದಲ್ಲಿ, ಗುರುವಿನ ಮಾತಿಗೆ ವಿರುದ್ಧವಾಗಿ, ಒಬ್ಬ ವಿದ್ಯಾರ್ಥಿನಿಯು ಅಳತೆಗೆ ನಿಷ್ಠಳಾದಳು. ಅವರು ಅಳೆದ ಬುರುಡೆಗಳಲ್ಲಿ ಕೆಲವು ಆಫ್ರಿಕದ ಜರ್ಮನ್ ವಸಾಹತಿನಿಂದ ತಂದವು. ಅವುಗಳ ಒಡೆಯರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬ ಮಾತನ್ನೂ ಇದರೊಡನೆಯೇ ನೆನೆಯಬೇಕು. ಪ್ರಾಮಾಣಿಕವಾದ ಅಳತೆಯ ಹಿಂದೆಯೂ ಅನ್ಯಾಯವಾಗಿ ಬಂದ ಸಾಮಗ್ರಿ ಇರಬಹುದು.

ಅಳತೆಯು ನಿಷ್ಠೆಯಿಂದ ಕೂಡಿರಬೇಕು. ಅಳೆಸಿಕೊಳ್ಳುವವನು ತಿಳಿದು ಒಪ್ಪಿರಬೇಕು. ಇವೆರಡರಲ್ಲಿ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಪುಣೆಯ ಯಾವುದೋ ಶಾಲೆಯ ಕೋಣೆಯಲ್ಲಿ ಪರೀಕ್ಷಕನೆದುರು ಕುಳಿತ ಕನ್ನಡದ ಮಗುವು ಉತ್ತರ ಕೊಡದೆ ಸುಮ್ಮನಿದ್ದಾಗ, ಆ ಮೌನವು ತಿಳಿಯದವನ ಮೌನವೋ, ಕೇಳಿದ್ದು ಅರ್ಥವಾಗದವನ ಮೌನವೋ ಎಂಬುದನ್ನು ಮೊದಲು ವಿಚಾರಿಸಬೇಕು. ಅಂಕವನ್ನು ಬರೆಯುವುದು ಆಮೇಲಿನ ಕೆಲಸ.